ಐವತ್ತು ಸೆಕೆಂಡಿನ ಆಟ, ಇಪ್ಪತ್ತು ವರ್ಷದ ಕಲಿಕೆ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು. ಚಳಿಗಾಲದ ಒಲಿಂಪಿಕ್ಸ್‌ನ ಹಳೇ ವಿಡಿಯೊ ನೋಡಿ ನೋಡಿ ಲ್ಯೂಜ್ ಆಟಕ್ಕೆ, ಅಂದರೆ ಸ್ಲೆಡ್ ಅನ್ನುವ ಸಣ್ಣ ಜಾರುಬಂಡಿಯ ಮೇಲೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ ಮಂಜುಗಡ್ಡೆಯ ಇಳಿಜಾರು ಟ್ರ್ಯಾಕಿನಲ್ಲಿ ಜಾರುವ ಆಟಕ್ಕೆ ಮನಸೋತಿದ್ದಾಳೆ. ಇಟಲಿಯ ಡೊಮಿನಿಕ್ ಫಿಷ್‌ನಾಲರ್ 2018ರಲ್ಲಿ ಸೆಕೆಂಡಿನ ಸಾವಿರ ಭಾಗದಲ್ಲಿ ಎರಡೇ ಭಾಗದಿಂದ ಪದಕ ತಪ್ಪಿಸಿಕೊಂಡ ಕಥೆ ಅವಳಿಗೆ ಬಾಯಿಪಾಠ. ನಮ್ಮ ಪ್ರಶ್ನೆಗಳು ಇಷ್ಟು. ಅಷ್ಟು ಸಣ್ಣ ಅಂತರವನ್ನು ಅಳೆಯೋಕೆ ನಿಜವಾಗಿ ಆಗುತ್ತಾ? ಇಟಲಿಯವನಿಗೆ ಜರ್ಮನ್ ಥರದ ಹೆಸರು ಯಾಕೆ? ಇಂಥ ಆಟವನ್ನು ನಂಬಿ ಒಬ್ಬ ಹುಡುಗ ಬದುಕು ಕಟ್ಟಿಕೊಳ್ಳೋದು ಹೇಗೆ? ಕೊನೆಯದು ಮಗಳದ್ದು: ಅಂಗಾತ ಮಲಗಿ ಹೋಗುವವರಿಗೆ ದಾರಿ ಹೇಗೆ ಕಾಣುತ್ತೆ?

– ಶಿವಮೊಗ್ಗದ ಓದುಗರೊಬ್ಬರು

ಉತ್ತರ:

ನಿಮ್ಮ ಪತ್ರ ಓದಿ ತುಂಬಾ ಖುಷಿಯಾಯಿತು. ಲ್ಯೂಜ್ ಬಗ್ಗೆ ಕನ್ನಡದಲ್ಲಿ ಯಾರೂ ನನ್ನನ್ನು ಇಷ್ಟು ವಿವರವಾಗಿ ಕೇಳಿರಲಿಲ್ಲ. ಫಿಷ್‌ನಾಲರ್ ಬಗ್ಗೆ ಕೇಳಿದ್ದು ಇನ್ನೂ ಒಳ್ಳೆಯದಾಯಿತು. ಈ ಆಟದಲ್ಲಿ ಒಬ್ಬ ಹುಡುಗ ಹೇಗೆ ಬೆಳೆಯುತ್ತಾನೆ ಅನ್ನುವುದಕ್ಕೆ ಅವರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮೊದಲು ಆ ಎರಡು ಭಾಗದ ಲೆಕ್ಕ ಮುಗಿಸೋಣ.

2018ರ ಫೆಬ್ರವರಿ, ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್. ಗಂಡಸರ ಸಿಂಗಲ್ಸ್‌ನಲ್ಲಿ ಎರಡು ದಿನಗಳಲ್ಲಿ ನಾಲ್ಕು ಸಲ ಇಳಿಯಬೇಕು. ನಾಲ್ಕರ ಸಮಯವನ್ನೂ ಕೂಡುತ್ತಾರೆ. ಜರ್ಮನಿಯ ಯೊಹಾನೆಸ್ ಲುಡ್ವಿಗ್ ಅವರ ಒಟ್ಟು ಸಮಯ 3 ನಿಮಿಷ 10.932 ಸೆಕೆಂಡು. ಫಿಷ್‌ನಾಲರ್ ಅವರದ್ದು 3 ನಿಮಿಷ 10.934. ಲುಡ್ವಿಗ್‌ಗೆ ಕಂಚು, ಫಿಷ್‌ನಾಲರ್‌ಗೆ ನಾಲ್ಕನೇ ಸ್ಥಾನ. ಆ ಟ್ರ್ಯಾಕ್ ಸುಮಾರು 1.3 ಕಿ.ಮೀ. ಉದ್ದ. ನಾಲ್ಕು ಸಲ ಅಂದರೆ 5 ಕಿ.ಮೀ.ಗಿಂತ ಜಾಸ್ತಿ. ಕೊನೆಯ ಗೆರೆ ದಾಟುವಾಗ ವೇಗ ಗಂಟೆಗೆ 125 ಕಿ.ಮೀ. ಅಂತ ಇಟ್ಟುಕೊಳ್ಳಿ. ಆ ವೇಗದಲ್ಲಿ 0.002 ಸೆಕೆಂಡಿಗೆ ಸಾಗುವ ದೂರ ಸುಮಾರು 7 ಸೆಂಟಿಮೀಟರ್. ಐದು ಕಿಲೋಮೀಟರ್ ಓಡಿ ಬಂದು ಒಂದು ಹೆಬ್ಬೆರಳಿನಷ್ಟು ಹಿಂದೆ ಉಳಿದರು. ಮಗಳಿಗೆ ಹೆಬ್ಬೆರಳು ತೋರಿಸಿ ಹೇಳಿ, ಬೇಗ ಅರ್ಥವಾಗುತ್ತದೆ.

ಅಳೆಯೋಕೆ ಆಗುತ್ತದೆ. ಶುರುವಿನಲ್ಲೂ ಕೊನೆಯಲ್ಲೂ ಟ್ರ್ಯಾಕಿಗೆ ಅಡ್ಡವಾಗಿ ಒಂದು ಬೆಳಕಿನ ಕಿರಣ ಇರುತ್ತದೆ. ಸ್ಲೆಡ್ ಬಂದು ಆ ಕಿರಣವನ್ನು ತಡೆದ ಕ್ಷಣಕ್ಕೆ ಗಡಿಯಾರ ಶುರುವಾಗುತ್ತದೆ ಅಥವಾ ನಿಲ್ಲುತ್ತದೆ. ಇದರಲ್ಲಿ ಮನುಷ್ಯರ ಕಣ್ಣು ಕೈಗಳ ಕೆಲಸವೇ ಇಲ್ಲ. ಸಾವಿರನೇ ಭಾಗದವರೆಗೆ ಯಾಕೆ ಹೋದರು ಅನ್ನುವುದರಲ್ಲಿ ಇಟಲಿಯವರದ್ದೇ ಒಂದು ಕಥೆ ಇದೆ. 1972ರಲ್ಲಿ ಜಪಾನಿನ ಸಪ್ಪೊರೊದಲ್ಲಿ ಒಲಿಂಪಿಕ್ಸ್ ನಡೆಯಿತು. ಡಬಲ್ಸ್‌ನಲ್ಲಿ ಇಟಲಿಯ ಪಾಲ್ ಹಿಲ್ಡ್‌ಗಾರ್ಟ್‌ನರ್ ಮತ್ತು ವಾಲ್ಟರ್ ಪ್ಲೈಕ್‌ನರ್ ಜೋಡಿಯ ಸಮಯವೂ ಪೂರ್ವ ಜರ್ಮನಿಯ ಜೋಡಿಯ ಸಮಯವೂ ಒಂದೇ ಬಂತು. ಆಗ ನೂರನೇ ಭಾಗದವರೆಗೆ ಮಾತ್ರ ಅಳೆಯುತ್ತಿದ್ದರು. ಇಬ್ಬರಿಗೂ ಚಿನ್ನ ಕೊಟ್ಟರು. ಆಮೇಲೆ ಲೆಕ್ಕ ಸಾವಿರನೇ ಭಾಗಕ್ಕೆ ಇಳಿಯಿತು. 1998ರಲ್ಲಿ ಹೆಂಗಸರ ಚಿನ್ನವೇ ಇದೇ 0.002 ಸೆಕೆಂಡಿನಲ್ಲಿ ತೀರ್ಮಾನವಾಯಿತು. ಫಿಷ್‌ನಾಲರ್ ಹಳೇ ಲೆಕ್ಕದ ಕಾಲದಲ್ಲಿ ಇದ್ದಿದ್ದರೆ ಕಂಚು ಹಂಚಿಕೊಳ್ಳುತ್ತಿದ್ದರೇನೋ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದರೆ ಲೆಕ್ಕ ಸರಿಯಾಗಿಯೇ ಇತ್ತು.

ಇನ್ನು ಹೆಸರಿನ ವಿಷಯ. ಇಟಲಿಯ ಉತ್ತರದ ತುದಿಯಲ್ಲಿ, ಆಸ್ಟ್ರಿಯಾದ ಗಡಿಗೆ ತಾಗಿಕೊಂಡು ದಕ್ಷಿಣ ಟಿರೋಲ್ ಅನ್ನುವ ಬೆಟ್ಟದ ನಾಡು ಇದೆ. ಮೊದಲ ಮಹಾಯುದ್ಧದವರೆಗೆ ಅದು ಆಸ್ಟ್ರಿಯಾದ್ದೇ ಆಗಿತ್ತು. ಯುದ್ಧದ ನಂತರದ ಒಪ್ಪಂದದಲ್ಲಿ ಇಟಲಿಗೆ ಬಂತು. ಗಡಿ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಅಲ್ಲಿನ ಹೆಚ್ಚಿನವರ ತಾಯ್ನುಡಿ ಇವತ್ತಿಗೂ ಜರ್ಮನ್. ಪ್ರತಿ ಊರಿಗೂ ಎರಡು ಹೆಸರು, ಒಂದು ಜರ್ಮನ್, ಇನ್ನೊಂದು ಇಟಾಲಿಯನ್. ಡೊಮಿನಿಕ್ ಹುಟ್ಟಿದ್ದು 1993ರ ಫೆಬ್ರವರಿ 20ರಂದು, ಬ್ರಿಕ್ಸೆನ್ ಪಟ್ಟಣದಲ್ಲಿ. ಇಟಾಲಿಯನ್ನರು ಅದನ್ನು ಬ್ರೆಸ್ಸನೋನೆ ಅನ್ನುತ್ತಾರೆ. ಅವರ ಊರು ಅಲ್ಲೇ ಮೇಲಿರುವ ಮರಾನ್ಸಾ, ಜರ್ಮನ್‌ನಲ್ಲಿ ಮೆರಾನ್ಸೆನ್. ಸಮುದ್ರ ಮಟ್ಟದಿಂದ ಸುಮಾರು 1,400 ಮೀಟರ್ ಎತ್ತರದಲ್ಲಿರುವ ಹಳ್ಳಿ.

ಇಟಲಿಯ ಲ್ಯೂಜ್ ತಂಡದ ಪಟ್ಟಿ ತೆಗೆದು ನೋಡಿ. ಎಲ್ಲ ಹೆಸರೂ ಹೆಚ್ಚುಕಡಿಮೆ ಇದೇ ಸೀಮೆಯವು. ಇದು ಕಾಕತಾಳೀಯ ಅಲ್ಲ. ಆ ಬೆಟ್ಟಗಳಲ್ಲಿ ಸ್ಲೆಡ್ ಅಂದರೆ ಮೊದಲು ಆಟದ ಸಾಮಾನು ಆಗಿರಲಿಲ್ಲ, ಕೆಲಸದ ಸಾಮಾನು. ಬೇಸಿಗೆಯಲ್ಲಿ ಮೇಲಿನ ಹುಲ್ಲುಗಾವಲಿನಲ್ಲಿ ಕೊಯ್ದಿಟ್ಟ ಹುಲ್ಲನ್ನೂ ಕಡಿದಿಟ್ಟ ಸೌದೆಯನ್ನೂ ಚಳಿಗಾಲದಲ್ಲಿ ಮರದ ಸ್ಲೆಡ್ ಮೇಲೆ ಹೇರಿ ಕೆಳಗಿನ ಮನೆಗೆ ಇಳಿಸುತ್ತಿದ್ದರು. ಭಾರದ ಸ್ಲೆಡ್ಡನ್ನು ಇಳಿಜಾರಿನಲ್ಲಿ ಹಿಡಿತ ತಪ್ಪದಂತೆ ತಿರುಗಿಸುವುದು ಅಲ್ಲಿ ಮನೆತನದ ವಿದ್ಯೆ. ಇವತ್ತಿಗೂ ಕಾಡಿನ ದಾರಿಯಲ್ಲೇ ಹಿಮ ಗಟ್ಟಿಮಾಡಿ ಓಡಿಸುವ ಸಹಜ ಟ್ರ್ಯಾಕಿನ ಲ್ಯೂಜ್ ಅನ್ನುವ ಬೇರೆಯೇ ಆಟ ಅಲ್ಲಿ ಜೋರಾಗಿದೆ. ಅದು ಒಲಿಂಪಿಕ್ಸ್‌ನಲ್ಲಿ ಇಲ್ಲ. ಆದರೆ ಒಲಿಂಪಿಕ್ಸ್‌ಗೆ ಹೋದ ಎಷ್ಟೋ ಜನ ಮಕ್ಕಳಾಗಿದ್ದಾಗ ಅಲ್ಲೇ ಕೈ ಪಳಗಿಸಿಕೊಂಡವರು.

ಅವರಲ್ಲಿ ದೊಡ್ಡ ಹೆಸರು ಆರ್ಮಿನ್ ಝೋಗೆಲರ್. ಫಿಷ್‌ನಾಲರ್ ಕಥೆ ಅವರನ್ನು ಬಿಟ್ಟು ಹೇಳೋಕೆ ಬರುವುದಿಲ್ಲ. 1974ರಲ್ಲಿ ಮೆರಾನೋದಲ್ಲಿ ಹುಟ್ಟಿದವರು. 1994ರಲ್ಲಿ ಕಂಚು, 1998ರಲ್ಲಿ ಬೆಳ್ಳಿ, 2002 ಮತ್ತು 2006ರಲ್ಲಿ ಚಿನ್ನ, 2010 ಮತ್ತು 2014ರಲ್ಲಿ ಮತ್ತೆ ಕಂಚು. ಒಂದೇ ವೈಯಕ್ತಿಕ ಸ್ಪರ್ಧೆಯಲ್ಲಿ ಸತತ ಆರು ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಮೊದಲ ಮನುಷ್ಯ. ಮೊದಲ ಪದಕ ಗೆದ್ದಾಗ ಇಪ್ಪತ್ತು ವರ್ಷ, ಕೊನೆಯದು ಗೆದ್ದಾಗ ನಲವತ್ತು.

ಆ ಕೊನೆಯ ಕಂಚು ಬಂದಿದ್ದು ರಷ್ಯಾದ ಸೋಚಿಯಲ್ಲಿ. ಅಲ್ಲೇ ಅದೇ ತಂಡದಲ್ಲಿ ಮೊದಲ ಒಲಿಂಪಿಕ್ಸ್ ಆಡುತ್ತಿದ್ದವರು ಡೊಮಿನಿಕ್. ಇಪ್ಪತ್ತೊಂದು ತುಂಬೋಕೆ ಇನ್ನೂ ಕೆಲವು ದಿನ ಬಾಕಿ ಇತ್ತು. ಅವರ ಕಸಿನ್ ಕೆವಿನ್ ಫಿಷ್‌ನಾಲರ್ ಕೂಡ ಇದೇ ಆಟದವರು. ಇಬ್ಬರೂ 1993ರಲ್ಲೇ ಹುಟ್ಟಿದವರು. ಮನೆಯಲ್ಲೇ ಪೈಪೋಟಿಗೊಬ್ಬ ಜೊತೆಗಾರ, ತಂಡದಲ್ಲಿ ಝೋಗೆಲರ್ ಥರದ ಹಿರಿಯ. ಒಬ್ಬ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಶಾಲೆ ಬೇಕಾ?

ಎಲ್ಲರೂ ಝೋಗೆಲರ್ ಜಾಗಕ್ಕೆ ಇವನೇ ಅಂದರು. ಅಂದುಕೊಂಡಂತೆ ಕೂಡಲೇ ಆಗಲಿಲ್ಲ. ಅದಕ್ಕೆ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಆಟದ ಜೀವ ಇರುವುದೇ ಅಲ್ಲಿ.

ಒಂದು ಸಲ ಇಳಿಯೋಕೆ ಸುಮಾರು 50 ಸೆಕೆಂಡು ಬೇಕು. ಒಬ್ಬ ಆಟಗಾರ ಒಂದು ಚಳಿಗಾಲದಲ್ಲಿ ಅಭ್ಯಾಸ, ಸ್ಪರ್ಧೆ ಎಲ್ಲ ಸೇರಿ 300 ಸಲ ಇಳಿದ ಅಂತ ಇಟ್ಟುಕೊಳ್ಳಿ. 300 ಸಲ ಐವತ್ತು ಅಂದರೆ 15,000 ಸೆಕೆಂಡು. ನಾಲ್ಕು ಗಂಟೆ ಹತ್ತು ನಿಮಿಷ! ಇಡೀ ವರ್ಷಕ್ಕೆ ಮಂಜುಗಡ್ಡೆಯ ಮೇಲೆ ಜಾರಿದ್ದು ಅಷ್ಟೇ. ನಮ್ಮ ಕ್ರಿಕೆಟ್ ಹುಡುಗರು ಎರಡು ದಿನ ನೆಟ್ಸ್‌ಗೆ ಹೋದರೆ ಅಷ್ಟು ಹೊತ್ತು ಬ್ಯಾಟ್ ಹಿಡಿದಿರುತ್ತಾರೆ. ಆ ನಾಲ್ಕು ಗಂಟೆಯೂ ಒಂದೇ ಟ್ರ್ಯಾಕಿನ ಮೇಲೆ ಅಲ್ಲ, ಹತ್ತಾರು ಟ್ರ್ಯಾಕ್‌ಗಳಿಗೆ ಹಂಚಿಹೋಗುತ್ತದೆ. ಒಂದೊಂದರಲ್ಲೂ ಹದಿನೈದು ಹದಿನಾರು ತಿರುವು. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ತಿರುವು ಲಾತ್ವಿಯಾದ ಸಿಗುಲ್ಡಾದಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕೇ ಈ ಆಟದ ಅನುಭವ ಹನಿ ಹನಿಯಾಗಿ ತುಂಬುತ್ತದೆ. ಜಗತ್ತಿನ ಅತಿ ವೇಗದ ಆಟಗಳಲ್ಲಿ ಇದೂ ಒಂದು. ಕಲಿಕೆ ಮಾತ್ರ ಅಷ್ಟೇ ನಿಧಾನ. ಇಪ್ಪತ್ತನೇ ವಯಸ್ಸಿನಲ್ಲೇ ಒಲಿಂಪಿಕ್ಸ್ ಚಿನ್ನ ಗೆದ್ದ ಜರ್ಮನಿಯ ಫೆಲಿಕ್ಸ್ ಲೋಖ್ ಥರದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅಂಥವರು ಅಪರೂಪ.

ಇನ್ನೊಂದು ಕಷ್ಟ ಇದೆ. ಈ ಆಟದಲ್ಲಿ ಮೇಲಕ್ಕೆ ಹೋದಷ್ಟೂ ಕಮ್ಮಿ ಮಾಡುವುದನ್ನು ಕಲಿಯಬೇಕು. ಸ್ಲೆಡ್ ಹೇಗಿರುತ್ತದೆ ಅಂತ ಮೊದಲು ಹೇಳುತ್ತೇನೆ. ಬೆನ್ನು ಆನಿಸೋಕೆ ಒಂದು ತೆಳುವಾದ ಫೈಬರ್ ತೊಟ್ಟಿಲು. ಅದರ ಕೆಳಗೆ ಎರಡೂ ಬದಿಗೆ ಮುಂದಕ್ಕೆ ಬಾಗಿದ ಎರಡು ರನ್ನರ್, ಅಂದರೆ ಸ್ಲೆಡ್ ಜಾರುವ ಕಾಲುಗಳು. ರನ್ನರ್‌ಗಳ ಅಡಿಗೆ ಉಕ್ಕಿನ ಪಟ್ಟಿ. ಮಂಜುಗಡ್ಡೆಗೆ ತಾಗುವುದು ಆ ಪಟ್ಟಿ ಮಾತ್ರ. ಸ್ಟೇರಿಂಗ್ ಇಲ್ಲ, ಬ್ರೇಕ್ ಇಲ್ಲ. ಕಾಲಿನ ಮೀನಖಂಡದಿಂದ ರನ್ನರ್ ತುದಿಯನ್ನು ಒಳಕ್ಕೆ ಒತ್ತಿದರೆ ಸ್ಲೆಡ್ ತಿರುಗುತ್ತದೆ. ಭುಜದ ಭಾರವನ್ನು ಒಂದು ಕಡೆಗೆ ಒತ್ತಿದರೂ ತಿರುಗುತ್ತದೆ. ಕೊನೆಯಲ್ಲಿ ನಿಲ್ಲಿಸೋಕೆ ಎದ್ದು ಕೂತು, ಪಾದ ಊರಿ, ರನ್ನರ್ ಮುಂಭಾಗವನ್ನು ಕೈಯಲ್ಲಿ ಎತ್ತಿ ಹಿಡಿಯುತ್ತಾರೆ.

ಒತ್ತಿದಾಗಲೆಲ್ಲ ಉಕ್ಕು ಮಂಜನ್ನು ಕೆರೆಯುತ್ತದೆ. ಕೆರೆದಾಗಲೆಲ್ಲ ವೇಗ ಹೋಗುತ್ತದೆ. ಹಾಗಾಗಿ ಎಷ್ಟು ಕಮ್ಮಿ ಒತ್ತುತ್ತೀರೋ ಅಷ್ಟು ವೇಗ. ಗಂಟೆಗೆ 130 ಕಿ.ಮೀ. ವೇಗದಲ್ಲಿ, ತಿರುವಿನ ಒತ್ತಡಕ್ಕೆ ಮೈಯ ತೂಕ ನಾಲ್ಕೈದು ಪಟ್ಟು ಆದಂತೆ ಅನ್ನಿಸುವಾಗ, ಮೈ ಬಿಗಿ ಹಿಡಿಯದೆ ಸುಮ್ನೆ ಮಲಗಿರಬೇಕು. ಹೆದರಿದ ಮೈ ತಾನಾಗಿಯೇ ಬಿಗಿಯಾಗುತ್ತದೆ, ಅಲ್ವಾ? ಬಿಗಿಯಾದ ಮೈ ಮಂಜಿನ ಪ್ರತಿ ಅದುರನ್ನೂ ಸ್ಲೆಡ್‌ಗೆ ವಾಪಸ್ ಕೊಡುತ್ತದೆ, ಸ್ಲೆಡ್ ನಡುಗುತ್ತದೆ. ಇದನ್ನು ಬಾಯಲ್ಲಿ ಹೇಳಿ ಕಲಿಸೋಕೆ ಆಗುವುದಿಲ್ಲ. ಇಳಿದು ಇಳಿದು ಮೈಗೆ ಬರಬೇಕು. ಹಳೇ ಬಾಣಸಿಗರು ಹಿಟ್ಟನ್ನು ಮುಟ್ಟಿಯೇ ಹದ ಹೇಳುತ್ತಾರಲ್ಲ, ಆ ಥರದ ತಿಳಿವಳಿಕೆ ಇದು.

ಶುರುವಿನ ಹೊತ್ತಿನಲ್ಲಿ ಮಾತ್ರ ಪೂರ್ತಿ ಬಲ ಬೇಕು. ಎರಡೂ ಬದಿಯ ಹಿಡಿಕೆ ಹಿಡಿದು ಹಿಂದೆ ಮುಂದೆ ತೂಗಿ ಒಂದೇ ಎಳೆತಕ್ಕೆ ಹೊರಡುತ್ತಾರೆ. ಆಮೇಲೆ ಮೊಳೆ ಹಾಕಿದ ಕೈಗವಸಿನಿಂದ ಮಂಜನ್ನು ನಾಲ್ಕೈದು ಸಲ ಗೋರಿ ಮಲಗಿಬಿಡುತ್ತಾರೆ. ಇಲ್ಲಿ ಕಳೆದುಕೊಂಡ ಸಮಯ ಕೆಳಗೆ ಹೋದಂತೆ ಇನ್ನೂ ಬೆಳೆಯುತ್ತದೆ. ಅದಕ್ಕೇ ಬೇಸಿಗೆಯಿಡೀ ಭುಜ, ಬೆನ್ನು, ಹಿಡಿತದ ಕಸರತ್ತು. ಹಗುರ ಮೈಯವರು ಒಂದು ಮಿತಿಯೊಳಗೆ ಸೀಸದ ತೂಕ ಕಟ್ಟಿಕೊಳ್ಳಬಹುದು. ಉಕ್ಕಿನ ಪಟ್ಟಿಯನ್ನು ಮಾತ್ರ ಬಿಸಿ ಮಾಡುವಂತಿಲ್ಲ. ಹೊರಡುವ ಮುಂಚೆ ಅದರ ಉಷ್ಣತೆ ಅಳೆಯುತ್ತಾರೆ. 1968ರಲ್ಲಿ ಪೂರ್ವ ಜರ್ಮನಿಯ ಹೆಂಗಸರು ಪಟ್ಟಿ ಬಿಸಿ ಮಾಡಿದರು ಅಂತ ಅವರನ್ನು ಸ್ಪರ್ಧೆಯಿಂದ ಹೊರಹಾಕಿದ್ದರು. ಆ ವರ್ಷ ಚಿನ್ನ ಗೆದ್ದವರು ಇಟಲಿಯ ಎರಿಕಾ ಲೆಖ್‌ನರ್.

ಫಿಷ್‌ನಾಲರ್ ಪೀಳಿಗೆಗೆ ಇಷ್ಟೆಲ್ಲದರ ಮೇಲೆ ಇನ್ನೊಂದು ಕೊರತೆ ಇತ್ತು. ಅವರ ದೇಶದಲ್ಲಿ ಟ್ರ್ಯಾಕೇ ಇರಲಿಲ್ಲ.

ಕೊರ್ತಿನಾದಲ್ಲಿದ್ದ ಹಳೇ ಟ್ರ್ಯಾಕ್ 2008ರಲ್ಲಿ ಮುಚ್ಚಿತು. 2006ರ ಟ್ಯೂರಿನ್ ಒಲಿಂಪಿಕ್ಸ್‌ಗೆ ಅಂತ ಚೆಸಾನಾದಲ್ಲಿ ಹೊಸ ಟ್ರ್ಯಾಕ್ ಕಟ್ಟಿದ್ದರು. ಝೋಗೆಲರ್ ಎರಡನೇ ಚಿನ್ನ ಗೆದ್ದಿದ್ದು ಅಲ್ಲೇ. ನಡೆಸುವ ಖರ್ಚು ತಾಳಲಾರದೆ ಕೆಲವೇ ವರ್ಷಗಳಲ್ಲಿ ಅದನ್ನೂ ಮುಚ್ಚಿದರು. ಕಾಂಕ್ರೀಟಿನೊಳಗಿನ ಕೊಳವೆಗಳಲ್ಲಿ ಅಮೋನಿಯಾ ಹರಿಸಿ ಮಂಜು ಕಟ್ಟಿಸುವ ವ್ಯವಸ್ಥೆ ಅದು. ವಿದ್ಯುತ್ ಬಿಲ್ಲೇ ದೊಡ್ಡ ಭಾರ. ಜಗತ್ತಿನಾದ್ಯಂತ ಇಂಥ ಟ್ರ್ಯಾಕ್‌ಗಳು ಇಪ್ಪತ್ತೂ ಇಲ್ಲ. ಹೀಗೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಇಟಲಿಯ ಹುಡುಗ ಹುಡುಗಿಯರು ಒಂದು ಸಲ ಮೇಲಿಂದ ಇಳಿಯಬೇಕು ಅಂದರೆ ಗಡಿ ದಾಟಬೇಕಿತ್ತು. ಬ್ರೆನ್ನರ್ ಘಾಟಿ ದಾಟಿ ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಹೋದರು. ಜರ್ಮನಿಯ ವಿಂಟರ್‌ಬರ್ಗ್, ಆಲ್ಟೆನ್‌ಬರ್ಗ್‌ಗಳಿಗೆ ಹೋದರು. ಅಲ್ಲಿ ಸಿಕ್ಕ ಹೊತ್ತಿನಲ್ಲಿ ಇಳಿದರು. ಮೇಲೆ ಹೇಳಿದ ನಾಲ್ಕು ಗಂಟೆಯ ಲೆಕ್ಕ ನೆನಪಿದೆಯಲ್ಲ? ಆ ನಾಲ್ಕು ಗಂಟೆಯಲ್ಲಿ ಒಂದು ನಿಮಿಷವೂ ಅವರಿಗೆ ಸ್ವಂತ ಊರಿನಲ್ಲಿ ಸಿಗಲಿಲ್ಲ. ಇದನ್ನು ಗಮನಿಸದೆ ಫಿಷ್‌ನಾಲರ್ ಅವರನ್ನು ಜರ್ಮನ್ನರ ಜೊತೆ ಹೋಲಿಸುವುದು ನ್ಯಾಯವಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಜರ್ಮನಿಯಲ್ಲಿ ಒಂದಲ್ಲ, ನಾಲ್ಕು ಟ್ರ್ಯಾಕ್ ಇದ್ದವು.

ಈಗ ಆ ಕೊರತೆ ತೀರಿದೆ. ಮಿಲಾನೋ ಕೊರ್ತಿನಾ 2026ರ ಒಲಿಂಪಿಕ್ಸ್‌ಗಾಗಿ ಕೊರ್ತಿನಾದ ಹಳೇ ಜಾಗದಲ್ಲೇ ಹೊಸ ಟ್ರ್ಯಾಕ್ ಎದ್ದಿತು. ಖರ್ಚು ಜಾಸ್ತಿಯಾಗುತ್ತದೆ, ಪಕ್ಕದ ದೇಶದ ಟ್ರ್ಯಾಕನ್ನೇ ಬಳಸಿ ಅಂತ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ ಹೇಳಿತ್ತು. ಇಟಲಿ ಸರ್ಕಾರ ಕೇಳಲಿಲ್ಲ. 2024ರ ಆರಂಭದಲ್ಲಿ ಕೆಲಸ ಶುರುವಾಯಿತು, 2025ರ ಮಾರ್ಚ್‌ನಲ್ಲಿ ಮೊದಲ ಪರೀಕ್ಷೆಯ ಇಳಿತಗಳು ನಡೆದವು. ಅಷ್ಟು ಹಣ ಹಾಕಬೇಕಿತ್ತಾ ಅನ್ನುವ ಜಗಳ ಅಲ್ಲಿ ತುಂಬಾ ನಡೆದಿದೆ, ಮರ ಕಡಿದಿದ್ದಕ್ಕೆ ಬೇಸರ ಪಟ್ಟವರೂ ಇದ್ದಾರೆ. ಅವರ ಮಾತಿನಲ್ಲಿ ತೂಕ ಇದೆ. ಆದರೆ ಆ ಬೆಟ್ಟದ ಹತ್ತು ವರ್ಷದ ಮಕ್ಕಳ ಕಡೆಯಿಂದ ನೋಡಿದಾಗ ನನಗೆ ಸಂತೋಷವೇ ಆಗುತ್ತದೆ. ಅದನ್ನು ಚೆಸಾನಾದಂತೆ ಮುಚ್ಚಿಬಿಡದೆ ನಡೆಸಬೇಕು, ಅಷ್ಟೇ.

ಹೊಟ್ಟೆಪಾಡಿನ ಪ್ರಶ್ನೆಗೆ ಬರುತ್ತೇನೆ. ಲ್ಯೂಜ್‌ನಲ್ಲಿ ಫುಟ್‌ಬಾಲಿನಂಥ ದುಡ್ಡು ಇಲ್ಲ. ಜಾಹೀರಾತೂ ಕಮ್ಮಿ. ಇಟಲಿಯವರು ಇದಕ್ಕೆ ಕಂಡುಕೊಂಡ ದಾರಿ ನಮಗೂ ಪರಿಚಯದ್ದೇ. ನಮ್ಮಲ್ಲಿ ರೈಲ್ವೆ, ಸರ್ವಿಸಸ್, ಪೊಲೀಸ್ ಇಲಾಖೆಗಳು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತವಲ್ಲ, ಅಲ್ಲೂ ಹಾಗೆಯೇ. ಸೇನೆ, ಪೊಲೀಸ್, ಹಣಕಾಸು ಕಾವಲು ಪಡೆ, ಜೈಲು ಪೊಲೀಸ್ ಹೀಗೆ ಎಲ್ಲಕ್ಕೂ ಕ್ರೀಡಾ ವಿಭಾಗ ಇದೆ. ಫಿಷ್‌ನಾಲರ್ ಕರಬಿನಿಯೇರಿ ಅನ್ನುವ ಪೊಲೀಸ್ ಪಡೆಯವರು. ಝೋಗೆಲರ್ ಕೂಡ ಅದೇ ಪಡೆಯವರು. ತಿಂಗಳ ಸಂಬಳ ಬರುತ್ತದೆ, ಕೆಲಸ ಅಂದರೆ ಅಭ್ಯಾಸ ಮತ್ತು ಸ್ಪರ್ಧೆ. ಆಟ ನಿಲ್ಲಿಸಿದ ಮೇಲೂ ಕೆಲಸ ಉಳಿಯುತ್ತದೆ. ಒಲಿಂಪಿಕ್ ಪದಕಕ್ಕೆ ಬೇರೆ ಬಹುಮಾನ. 2022ರ ಬೀಜಿಂಗ್‌ಗೆ ಇಟಲಿಯ ಒಲಿಂಪಿಕ್ ಸಮಿತಿ ಇಟ್ಟಿದ್ದು ಚಿನ್ನಕ್ಕೆ 1,80,000 ಯೂರೊ, ಬೆಳ್ಳಿಗೆ 90,000, ಕಂಚಿಗೆ 60,000.

ಈ ಸಂಬಳವನ್ನು ನಾನು ಸಣ್ಣದಾಗಿ ನೋಡುವುದಿಲ್ಲ. ನಾಲ್ಕನೇ ಸ್ಥಾನ ಬಂದ ಮೇಲೂ ಮುಂದಿನ ತಿಂಗಳು ಮನೆ ನಡೆಯುತ್ತದೆ ಅನ್ನುವ ಧೈರ್ಯ ಇಲ್ಲದಿದ್ದರೆ ಇಪ್ಪತ್ತೈದರ ಹುಡುಗ ಇನ್ನೂ ನಾಲ್ಕು ವರ್ಷ ಕಾಯುವುದು ಹೇಗೆ? ಝೋಗೆಲರ್‌ಗೆ ಇಪ್ಪತ್ತು ವರ್ಷ ಆಡೋಕೆ ಆಗಿದ್ದರಲ್ಲಿ ಅವರ ಛಲದ ಪಾಲು ಎಷ್ಟಿದೆಯೋ ಆ ಸಂಬಳದ ಪಾಲೂ ಅಷ್ಟೇ ಇದೆ.

ಫಿಷ್‌ನಾಲರ್ ಕಾದರು. 2022, ಬೀಜಿಂಗ್. ಅಲ್ಲಿನ ಯಾನ್‌ಚಿಂಗ್ ಟ್ರ್ಯಾಕ್ ಎಲ್ಲರಿಗೂ ಹೊಸದು. ಅದರ ಹದಿಮೂರನೇ ತಿರುವಿನಲ್ಲಿ ದೊಡ್ಡ ದೊಡ್ಡವರೇ ಎಡವಿದರು. ಚಿನ್ನ ಹೋಗಿದ್ದು ಯಾರಿಗೆ ಗೊತ್ತಾ? ಹಿಂದಿನ ಸಲ ಹೆಬ್ಬೆರಳಿನಷ್ಟು ಮುಂದಿದ್ದ ಅದೇ ಲುಡ್ವಿಗ್‌ಗೆ. ಅವರಿಗೆ ಆಗ 35 ವರ್ಷ. ಬೆಳ್ಳಿ ಆಸ್ಟ್ರಿಯಾದ ವೋಲ್ಫ್‌ಗಾಂಗ್ ಕಿಂಡ್ಲ್‌ಗೆ. ಕಂಚು ಡೊಮಿನಿಕ್ ಫಿಷ್‌ನಾಲರ್‌ಗೆ. ಈ ಸಲ ನಾಲ್ಕನೆಯವರಾಗಿ ಉಳಿದವರು ಫೆಲಿಕ್ಸ್ ಲೋಖ್. ಮೂರು ಪದಕದವರಲ್ಲಿ ಒಬ್ಬರೂ ಹೊಸ ಹುಡುಗರಲ್ಲ, ಗಮನಿಸಿ.

ಮಗಳು ನೋಡಿರುವ ವಿಡಿಯೊಗಳಲ್ಲಿ ಒಲಿಂಪಿಕ್ಸ್ ಮಾತ್ರ ಇರಬಹುದು. ಆದರೆ ನನಗೆ ಕೇಳಿದರೆ ಫಿಷ್‌ನಾಲರ್ ಅವರ ದೊಡ್ಡ ಸಾಧನೆ ಅದರ ಮುಂದಿನ ಚಳಿಗಾಲದ್ದು. ವಿಶ್ವಕಪ್ ಅಂದರೆ ನವೆಂಬರ್ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಊರಿಂದ ಊರಿಗೆ ಹೋಗುತ್ತಾ ಆಡುವ ಸರಣಿ. ಪ್ರತಿ ಸುತ್ತಿಗೂ ಅಂಕ ಇರುತ್ತದೆ, ಕೊನೆಗೆ ಎಲ್ಲ ಕೂಡುತ್ತಾರೆ. 2022-23ರಲ್ಲಿ ಗಂಡಸರ ಸಿಂಗಲ್ಸ್‌ನ ಒಟ್ಟು ವಿಶ್ವಕಪ್ ಫಿಷ್‌ನಾಲರ್ ಗೆದ್ದರು. ಇಟಲಿಗೆ ಅದು ಹಿಂದೆ ಸಿಕ್ಕಿದ್ದು 2010-11ರಲ್ಲಿ, ಝೋಗೆಲರ್ ಅವರ ಹತ್ತನೇ ಸಲ. ಒಂದು ದಿನ ಅದೃಷ್ಟ ಕೈಹಿಡಿದರೆ ಒಲಿಂಪಿಕ್ ಪದಕ ಬರಬಹುದು. ಇಡೀ ಚಳಿಗಾಲ ಒಬ್ಬರಿಗೇ ಅದೃಷ್ಟ ಇರುವುದಿಲ್ಲ. ಅದನ್ನು ಗೆದ್ದ ಚಳಿಗಾಲದಲ್ಲಿ ಅವರಿಗೆ ಮೂವತ್ತು ತುಂಬಿತು. ಹುಟ್ಟಿದ ದೇಶದಲ್ಲಿ ಟ್ರ್ಯಾಕ್ ಇಲ್ಲದೆ ಗೆದ್ದ ಕಪ್ ಅದು.

ಅಪಾಯದ ಬಗ್ಗೆ ನೀವು ಕೇಳಿಲ್ಲ. ಆದರೂ ಮಕ್ಕಳಿರುವ ಮನೆಗೆ ಬರೆಯುವಾಗ ಅದನ್ನು ಮುಚ್ಚಿಡಬಾರದು. 2010ರ ಫೆಬ್ರವರಿ 12ರಂದು ಕೆನಡಾದ ವಿಸ್ಲರ್‌ನಲ್ಲಿ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ ಅಭ್ಯಾಸದಲ್ಲಿ ಜಾರ್ಜಿಯಾದ ನೋದಾರ್ ಕುಮರಿತಾಶ್ವಿಲಿ ಟ್ರ್ಯಾಕಿನಿಂದ ಹೊರಗೆ ಎಸೆಯಲ್ಪಟ್ಟು ತೀರಿಕೊಂಡರು. ಅವರಿಗೆ 21 ವರ್ಷ. ಆ ಸ್ಪರ್ಧೆಯನ್ನು ಕೂಡಲೇ ಕೆಳಗಿನ ಜಾಗದಿಂದ ಶುರು ಮಾಡಿಸಿದರು. ಆಮೇಲೆ ಕಟ್ಟಿದ ಟ್ರ್ಯಾಕ್‌ಗಳ ವೇಗಕ್ಕೂ ಕಡಿವಾಣ ಹಾಕಿದರು. ಮಕ್ಕಳನ್ನು ಯಾರೂ ನೇರವಾಗಿ ತುದಿಯಿಂದ ಬಿಡುವುದಿಲ್ಲ. ಕೊನೆಯ ಕೆಲವು ತಿರುವಿನಿಂದ ಶುರು. ಅದು ಮೈಗೆ ಬಂದ ಮೇಲೆ ಇನ್ನೆರಡು ತಿರುವು ಮೇಲಕ್ಕೆ. ಹೀಗೆ ಮೆಟ್ಟಿಲು ಹತ್ತಿದಂತೆ ವರ್ಷಗಟ್ಟಲೆ ಹತ್ತಿ, ದೊಡ್ಡವರಾದ ಮೇಲೆ ತುದಿ ಮುಟ್ಟುತ್ತಾರೆ.

ಭಾರತದಲ್ಲಿ ಇಂಥ ಟ್ರ್ಯಾಕ್ ಒಂದೂ ಇಲ್ಲ. ಹಾಗಂತ ಭಾರತದವರು ಆಡಿಲ್ಲ ಅಂತ ಅಲ್ಲ. ಮನಾಲಿ ಹತ್ತಿರದ ವಶಿಷ್ಠ ಹಳ್ಳಿಯ ಶಿವ ಕೇಶವನ್ 1998ರಿಂದ 2018ರವರೆಗೆ ಆರು ಒಲಿಂಪಿಕ್ಸ್‌ನಲ್ಲಿ ಇಳಿದರು. ಮೊದಲ ಸಲ ಹೋದಾಗ ಹದಿನಾರು ವರ್ಷ. ಅವರ ತಂದೆ ಕೇರಳದವರು, ತಾಯಿ ಇಟಲಿಯವರು! ಹಿಮಾಲಯದ ಡಾಂಬರು ರಸ್ತೆಯಲ್ಲಿ ಚಕ್ರ ಹಾಕಿದ ಸ್ಲೆಡ್ ಮೇಲೆ, ಲಾರಿ ದನಕರುಗಳ ನಡುವೆ ನುಸುಳಿಕೊಂಡು ಅಭ್ಯಾಸ ಮಾಡಿದವರು. ಏಷ್ಯಾ ಮಟ್ಟದಲ್ಲಿ ಚಿನ್ನ ಗೆದ್ದರು. ಅವರ ಹಿಂದೆ ಸಂಬಳ ಕೊಡುವ ಪಡೆಯೂ ಇರಲಿಲ್ಲ, ಊರು ತುಂಬ ಸ್ಲೆಡ್ ಬಲ್ಲ ಹಿರಿಯರೂ ಇರಲಿಲ್ಲ. ಫಿಷ್‌ನಾಲರ್‌ಗೆ ಸಿಕ್ಕಿದ್ದು ಏನು ಅನ್ನುವುದು ಕೇಶವನ್ ಅವರನ್ನು ನೋಡಿದಾಗ ಚೆನ್ನಾಗಿ ಗೊತ್ತಾಗುತ್ತದೆ. ಶಿವಮೊಗ್ಗದ ಹುಡುಗಿಗೆ ಇದು ಸುಲಭದ ದಾರಿ ಅಂತ ನಾನು ಹೇಳಲಾರೆ. ಆ ರಸ್ತೆ ಅಭ್ಯಾಸವನ್ನಂತೂ ಯಾರೂ ಅನುಕರಿಸಬಾರದು. ಆದರೆ ನೋಡುವವಳಾಗಿ ಅವಳಿಗೆ ಒಳ್ಳೆಯ ಕಾಲ ಇದು. 2026ರಿಂದ ಹೆಂಗಸರ ಡಬಲ್ಸ್ ಕೂಡ ಒಲಿಂಪಿಕ್ಸ್ ಸೇರಿದೆ.

ಈಗ ಅವಳ ಪ್ರಶ್ನೆ. ದಾರಿ ಹೇಗೆ ಕಾಣುತ್ತದೆ?

ನಿಜ ಹೇಳಬೇಕಂದರೆ ಜಾಸ್ತಿ ಕಾಣುವುದಿಲ್ಲ. ತಲೆ ಎತ್ತಿದರೆ ಗಾಳಿ ತಡೆಯುತ್ತದೆ, ವೇಗ ಹೋಗುತ್ತದೆ. ಅದಕ್ಕೆ ತಲೆಯನ್ನು ಹಿಂದಕ್ಕೆ ಬಿಟ್ಟು, ಪಾದಗಳ ನಡುವಿನ ಸಂದಿಯಲ್ಲಿ ಕಣ್ಣಿನ ಅಂಚಿಗೆ ಸಿಕ್ಕಷ್ಟನ್ನೇ ನೋಡುತ್ತಾರೆ. ಉಳಿದಿದ್ದು ನೆನಪು. ಯಾವ ತಿರುವು ಎಷ್ಟು ಉದ್ದ, ಒತ್ತಡ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ಯಾವ ಕ್ಷಣದಲ್ಲಿ ಭುಜ ಒತ್ತಬೇಕು ಅನ್ನುವುದೆಲ್ಲ ಮೈಗೆ ಗೊತ್ತಿರಬೇಕು. ಸ್ಪರ್ಧೆಗೆ ಮುಂಚೆ ಆಟಗಾರರು ಕಣ್ಣು ಮುಚ್ಚಿ ಕೂತು, ತಲೆ ಅಲ್ಲಾಡಿಸುತ್ತಾ ಕೈ ತಿರುಗಿಸುತ್ತಾ ಮನಸ್ಸಿನಲ್ಲೇ ಪೂರ್ತಿ ಟ್ರ್ಯಾಕ್ ಇಳಿಯುವುದನ್ನು ವಿಡಿಯೊಗಳಲ್ಲಿ ನೋಡಬಹುದು. ಪಳಗಿದವರು ಮನಸ್ಸಿನಲ್ಲಿ ಇಳಿದು ಮುಗಿಸುವ ಸಮಯವೂ ನಿಜವಾಗಿ ಇಳಿಯುವ ಸಮಯವೂ ಹತ್ತಿರ ಹತ್ತಿರ ಇರುತ್ತದೆ.

ಅವಳೂ ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಚಾಪೆ ಮೇಲೆ ಅಂಗಾತ ಮಲಗಲಿ. ಕಣ್ಣು ಮುಚ್ಚಿ, ಮನೆಯ ಗೇಟಿನಿಂದ ಸ್ಕೂಲಿನ ಗೇಟಿನವರೆಗೆ ಸೈಕಲ್‌ನಲ್ಲಿ ಹೋಗುವ ದಾರಿಯನ್ನು ಒಂದೂ ತಿರುವು ಬಿಡದೆ ಮನಸ್ಸಿನಲ್ಲಿ ಹೋಗಿಬರಲಿ. ಎಲ್ಲಿ ಹಂಪ್ ಇದೆ, ಎಲ್ಲಿ ಬ್ರೇಕ್ ಹಿಡಿಯಬೇಕು, ಎಲ್ಲವೂ ಬರಬೇಕು. ನೀವು ಪಕ್ಕದಲ್ಲಿ ಕೂತು ಗಡಿಯಾರ ನೋಡಿ ಸಮಯ ಬರೆದಿಡಿ. ಮಾರನೇ ದಿನ ಅವಳು ನಿಜವಾಗಿ ಹೋದಾಗ ಎಷ್ಟು ಹೊತ್ತಾಯಿತು ಅಂತ ಹೋಲಿಸಿ. ಎರಡೂ ಎಷ್ಟು ಹತ್ತಿರ ಬಂದವು ಅಂತ ನನಗೂ ಬರೆದು ತಿಳಿಸಿ.